ಕಾಡುಹಂದಿ ಕಾಡಿನಲ್ಲಿರಲಿ, ಪಂದಿ ಕರಿ ಮನೆಯಲ್ಲಾಗಲಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬೊಮ್ಮನಹಳ್ಳಿಯ ಮಾಂಸದಂಗಡಿಗಳ ಮುಂದೆ ನಿಂತವರ ಮಾತು ಕೇಳಿದರೆ ಅರ್ಧ ಕರ್ನಾಟಕದ ನುಡಿ ಕಿವಿಗೆ ಬೀಳುತ್ತದೆ. ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಮಂಡ್ಯ, ರಾಮನಗರದ ಕಡೆಯವರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಕೊಡಗು, ಹಾಸನ, ಚಿಕ್ಕಮಗಳೂರಿನವರು, ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತ ಉತ್ತರ ಕರ್ನಾಟಕದ ಕುಟುಂಬಗಳು. ಇವರಲ್ಲಿ ಎಷ್ಟೋ ಮನೆಗಳಲ್ಲಿ ತಾತ ಶಿಕಾರಿಗೆ ಹೋಗುತ್ತಿದ್ದ ಕಥೆಯೊಂದು ಉಳಿದಿರುತ್ತದೆ. ಹಂದಿ ಎಬ್ಬಿಸಲು ಪೊದೆ ತುಂಬಿದ ಹಳು ನುಗ್ಗಿದ್ದು, ಒಂಟಿಗ ಹಂದಿ ಎದುರಾದದ್ದು, ಈಡು ಬಿದ್ದದ್ದು, ಊರಿಗೆಲ್ಲ ಪಾಲು ಹಂಚಿದ್ದು. ಕಥೆಯ ಕೊನೆಗೆ ಹಿರಿಯರು ಹೇಳುವ ಮಾತೂ ಒಂದೇ: ‘ಆ ರುಚಿ ಈಗೆಲ್ಲಿ?’

ಆ ರುಚಿಯ ಬಹುಪಾಲು ಇವತ್ತೂ ಸಿಗುತ್ತದೆ ಎಂದು ಹೇಳುವುದಕ್ಕೇ ಈ ಲೇಖನ. ಬೇಟೆಯ ಮಾಂಸಕ್ಕೆ ರುಚಿ ಕೊಟ್ಟದ್ದು ಪ್ರಾಣಿ ಮಾತ್ರ ಅಲ್ಲ. ಆತುರವಿಲ್ಲದ ಉರಿ, ಕಪ್ಪಗೆ ಹುರಿದ ಮಸಾಲೆ, ಕೊನೆಯಲ್ಲಿ ಬೀಳುವ ಹುಳಿ, ಎಲ್ಲರೂ ಒಟ್ಟಿಗೆ ಕೂತು ಹಂಚಿ ಉಣ್ಣುವ ಕ್ರಮ, ಈ ನಾಲ್ಕೂ ಸೇರಿ ಅದು ರುಚಿಯಾಗಿತ್ತು. ನಾಲ್ಕಕ್ಕೂ ಬಂದೂಕು ಬೇಕಿಲ್ಲ. ಕೊಡಗಿನ ಪಂದಿ ಕರಿಯೇ ಇದಕ್ಕೆ ಸಾಕ್ಷಿ. ಒಂದು ಕಾಲಕ್ಕೆ ಕಾಡುಹಂದಿಯ ಅಡುಗೆಯಾಗಿದ್ದದ್ದು ಇವತ್ತು ಸಾಕಿದ ಹಂದಿಯಲ್ಲಿ ಅದೇ ಗತ್ತಿನಿಂದ ಉಳಿದಿದೆ. ಮೊದಲ ಸಲ ಮಾಡುವವರು, ಬಾಡಿಗೆ ಮನೆಯ ಎರಡು ಒಲೆಯ ಗ್ಯಾಸ್ ಸ್ಟವ್‌ನಲ್ಲೇ ಇದನ್ನು ಮಾಡುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಕಾನೂನನ್ನು ಮೊದಲು ತಿಳಿದುಕೊಳ್ಳಿ

ಬೊಮ್ಮನಹಳ್ಳಿಯಿಂದ ಬನ್ನೇರುಘಟ್ಟದ ಕಾಡು ದೂರವೇನಲ್ಲ. ಕಾಡಂಚಿನ ಹೊಲಗಳಿಗೆ ಕಾಡುಹಂದಿ ನುಗ್ಗುತ್ತದೆ. ಹಾಗಾಗಿ ‘ನಮ್ಮ ಹುಡುಗರು ಹೊಡೆದದ್ದು, ಎರಡು ಕೆಜಿ ಬೇಕಾ?’ ಎಂದು ಯಾರಾದರೂ ಪಿಸುಗುಟ್ಟುವುದುಂಟು. ಬೇಡ ಎನ್ನಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಂದಿ, ಜಿಂಕೆ, ಕಡವೆ, ಕಾಡುಕೋಳಿ, ನವಿಲು, ಕಾಡಿನ ಮೊಲ ಇವೆಲ್ಲ ರಕ್ಷಿತ ಪ್ರಾಣಿಗಳು. ಕೊಲ್ಲುವುದಷ್ಟೇ ಅಲ್ಲ, ಅವುಗಳ ಮಾಂಸವನ್ನು ಕೊಳ್ಳುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಕೂಡ ಅಪರಾಧ. ‘ಗಾಡಿಗೆ ಸಿಕ್ಕಿ ಸತ್ತದ್ದು’ ಎಂಬ ಸಬೂಬು ನಡೆಯುವುದಿಲ್ಲ, ಏಕೆಂದರೆ ಸತ್ತು ಸಿಕ್ಕ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. 2022ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಸಾಮಾನ್ಯ ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನವಿಲಿನಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಜೈಲು.

ಕಾನೂನಿನ ಭಯ ಒಂದು ಕಡೆ ಇರಲಿ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬೀಳುತ್ತದೆ, ಸಿಡಿಮದ್ದಿನ ಉಂಡೆಗೆ ಆನೆಯ ಬಾಯಿ ಸಿಡಿಯುತ್ತದೆ. ಕದ್ದು ತಂದ ಮಾಂಸವನ್ನು ಯಾವ ಪಶುವೈದ್ಯರೂ ನೋಡಿರುವುದಿಲ್ಲ. ಕಾಡುಹಂದಿಯ ಸ್ನಾಯುವಿನಲ್ಲಿ ಹುಳುಗಳಿರಬಹುದು, ಮಾಂಸದೊಳಗೆ ಸೀಸದ ಚೂರು ಉಳಿದಿರಬಹುದು. ಮಕ್ಕಳ ತಟ್ಟೆಗೆ ಬಡಿಸುವ ಪದಾರ್ಥ ಅದಲ್ಲ.

ಹಂತ 2: ಹಳೆಯ ಅಡುಗೆಯ ಗುಟ್ಟನ್ನು ಅರಿತುಕೊಳ್ಳಿ

ಕನ್ನಡ ನಾಡಿನಲ್ಲಿ ಹಂದಿಬೇಟೆಗೆ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನಕಲ್ಲಿದೆ. ಕ್ರಿ.ಶ. 949-50ರ ಕಲ್ಲು. ಗಂಗ ದೊರೆ ಬೂತುಗನ ಸೇವಕ ಮಣಲೇರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಪ್ರತಿಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಬೆಳತೂರಿನ ಬೆಟ್ಟದ ಬಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟರು. ಹಂದಿ ಮತ್ತು ನಾಯಿ ಕಾದಾಡುವ ಉಬ್ಬುಶಿಲ್ಪ ಆ ಕಲ್ಲಿನ ಮೇಲಿದೆ. ಬೊಮ್ಮನಹಳ್ಳಿಯ ಪಕ್ಕದ ಬೇಗೂರಿನಿಂದ ತಂದ ವೀರಗಲ್ಲು ಕೂಡ ಅದೇ ಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ಎರಡನ್ನೂ ತೋರಿಸಿ.

ಅಡುಗೆಯ ದಾಖಲೆಯೂ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಹಂದಿಯ ಅಡುಗೆಯನ್ನು ಬಿಡಿಸಿ ಹೇಳಿದ್ದಾನೆ. ಹಂದಿಯ ಮೇಲೆ ಬಿಳಿಯ ಬಟ್ಟೆ ಹೊದಿಸಿ ಕುದಿಯುವ ನೀರು ಹೊಯ್ದು ಕೂದಲು ಕೀಳುವುದು, ಇಲ್ಲವೇ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡುವುದು, ಆಮೇಲೆ ತುಂಡು ಮಾಡಿ ಬೇಯಿಸುವುದು. ಚರ್ಮವನ್ನು ಬಿಸಾಡದೆ ಕೂದಲನ್ನಷ್ಟೇ ತೆಗೆದು ಮಾಂಸದ ಜೊತೆಗೇ ಬೇಯಿಸುವ ಆ ರೂಢಿ ಇಂದಿನ ಪಂದಿ ಕರಿಯಲ್ಲೂ ಹಾಗೇ ಇದೆ.

ಈಗ ಒಲೆಯ ಮುಂದೆ ಕೆಲಸಕ್ಕೆ ಬರುವ ವಿಷಯ. ಕಾಡುಹಂದಿ ಆಹಾರ ಹುಡುಕುತ್ತ ಬಹಳ ಓಡಾಡುವ ಪ್ರಾಣಿ. ಅದರ ಮಾಂಸ ಕೆಂಪು, ಗಟ್ಟಿ, ಕೊಬ್ಬು ಕಡಿಮೆ. ಗಟ್ಟಿ ಮಾಂಸದ ನಾರು ಕರಗಲು ಹೊತ್ತು ಬೇಕು, ಕಟು ವಾಸನೆ ಅಡಗಲು ಕಾಳುಮೆಣಸು ಬೇಕು, ಫ್ರಿಜ್ ಇಲ್ಲದ ಕಾಲದಲ್ಲಿ ಕೆಡದೆ ಉಳಿಯಲು ಹುಳಿ ಬೇಕು. ಈ ಅಗತ್ಯಗಳಿಂದಲೇ ಪಂದಿ ಕರಿಯ ಪಾಕ ರೂಪುಗೊಂಡಿರಬೇಕು. ಸಾಕಿದ ಬಿಳಿ ಹಂದಿಯ ಮಾಂಸ ಮೃದು, ಕೊಬ್ಬು ಜಾಸ್ತಿ. ಆದ್ದರಿಂದ ಮಾಡಬೇಕಾದ ಬದಲಾವಣೆ ಎರಡೇ: ಎಣ್ಣೆ ಹಾಕಬೇಡಿ, ಬೇಯಿಸುವ ಹೊತ್ತು ಸ್ವಲ್ಪ ಕಡಿಮೆ ಮಾಡಿ. ಉಳಿದದ್ದೆಲ್ಲ ಹಳೆಯ ಕ್ರಮವೇ.

ಹಂತ 3: ದಿನ ಗೊತ್ತು ಮಾಡಿ, ಮನೆಯವರ ಒಪ್ಪಿಗೆ ಪಡೆಯಿರಿ

ಸೋಮವಾರ, ಶನಿವಾರ, ಶ್ರಾವಣ ಎಂದು ಮನೆಮನೆಗೂ ಲೆಕ್ಕವಿರುತ್ತದೆ. ಗಾಂಧಿ ಜಯಂತಿ, ಮಹಾವೀರ ಜಯಂತಿ, ಶ್ರೀರಾಮನವಮಿ, ಗಣೇಶ ಚತುರ್ಥಿಯಂಥ ದಿನಗಳಲ್ಲಿ ಬೆಂಗಳೂರಿನಲ್ಲಿ ಮಾಂಸ ಮಾರಾಟಕ್ಕೆ ನಿಷೇಧವಿರುತ್ತದೆ. ಕ್ಯಾಲೆಂಡರ್ ನೋಡಿಕೊಂಡೇ ನೆಂಟರನ್ನು ಕರೆಯಿರಿ.

ಮನೆಯಲ್ಲಿ ಎಲ್ಲರೂ ಹಂದಿ ತಿನ್ನುವುದಿಲ್ಲ. ಅತ್ತೆ ತಿನ್ನದಿರಬಹುದು, ಮನೆಗೆ ಬರುವ ಗೆಳೆಯ ಮುಸಲ್ಮಾನನಾಗಿರಬಹುದು, ಮಾಲೀಕರು ಮಾಂಸ ಬೇಯಿಸಬೇಡಿ ಎಂದು ಮೊದಲೇ ಹೇಳಿರಬಹುದು. ಮೊದಲೇ ಕೇಳಿ ತಿಳಿಯಿರಿ. ತಿನ್ನದವರಿಗಾಗಿ ಇದೇ ಮಸಾಲೆಯಲ್ಲಿ ಬೇರೆ ಪಾತ್ರೆಯಲ್ಲಿ ಅರ್ಧ ಕೆಜಿ ನಾಟಿ ಕೋಳಿ ಮಾಡಿ, ಸೌಟನ್ನೂ ಬೇರೆ ಇಡಿ. ಕಾಡುಕೋಳಿಯ ನೆನಪಿಗೆ ಬಲಿತ ನಾಟಿ ಕೋಳಿ ಹತ್ತಿರದ್ದು. ಗಟ್ಟಿ ಮಾಂಸ, ಗಾಢವಾದ ರಸ. ಕಾಡುಮೊಲ, ಗೌಜಲ ಹಕ್ಕಿಯ ರುಚಿ ಬಲ್ಲವರಿಗೆ ಫಾರ್ಮಿನಲ್ಲಿ ಸಾಕಿದ ಮೊಲ, ಸಾಕಿದ ಜಪಾನಿ ತಳಿಯ ಗೌಜಲ ಹಕ್ಕಿ ಸಿಗುತ್ತವೆ. ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ ಕೊಳ್ಳಿ.

ಹಂತ 4: ಅಂಗಡಿಯಲ್ಲಿ ಏನು ಕೇಳಬೇಕು

ಬೆಳಿಗ್ಗೆ ಎಂಟರೊಳಗೆ ಹೋಗಿ. ಅಂಗಡಿಯಲ್ಲಿ ಆಹಾರ ಸುರಕ್ಷತೆಯ ಪರವಾನಗಿ ತೂಗುಹಾಕಿದೆಯೇ ನೋಡಿ. ‘ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ಕಡೆ ಕೊಡಿ, ಸ್ವಲ್ಪ ಮೂಳೆಯೂ ಇರಲಿ, ಚಿಕ್ಕ ತುಂಡು ಮಾಡಿ’ ಎಂದು ಕೇಳಿ. ಭುಜ ಮತ್ತು ಹೊಟ್ಟೆಯ ಭಾಗ ಬೆರೆಸಿದರೆ ಪಂದಿ ಕರಿಗೆ ಹೇಳಿ ಮಾಡಿಸಿದಂತಿರುತ್ತದೆ. ಬರೀ ಮಾಂಸ ತಂದರೆ ಒಣಗಿ ನಾರಾಗುತ್ತದೆ.

ಒಳ್ಳೆಯ ಮಾಂಸ ತಿಳಿಗೆಂಪಾಗಿರುತ್ತದೆ, ಕೊಬ್ಬು ಬೆಳ್ಳಗಿರುತ್ತದೆ, ಬೆರಳಿನಿಂದ ಒತ್ತಿದರೆ ಮತ್ತೆ ಮೇಲೇಳುತ್ತದೆ. ಹಳದಿ ತಿರುಗಿದ ಕೊಬ್ಬು, ಅಂಟಂಟು ಮೈ, ಹುಳಿ ವಾಸನೆ ಇದ್ದರೆ ಬಿಟ್ಟು ಬನ್ನಿ. ಮಾಂಸದ ಒಳಗೆ ಅಕ್ಕಿ ಕಾಳಿನಂಥ ಬಿಳಿ ಗುಳ್ಳೆ ಕಂಡರೆ ಖಂಡಿತ ಬೇಡ. ಅದು ಲಾಡಿಹುಳುವಿನ ಮರಿ.

ಹಂತ 5: ಸಾಮಾನು ಜೋಡಿಸಿಕೊಳ್ಳಿ

ಆರು ಜನರ ಊಟಕ್ಕೆ:

- ಚರ್ಮ, ಕೊಬ್ಬು ಇರುವ ಹಂದಿ ಮಾಂಸ 1 ಕೆಜಿ
- ಸಾಂಬಾರ್ ಈರುಳ್ಳಿ 200 ಗ್ರಾಂ
- ಬೆಳ್ಳುಳ್ಳಿ 15 ಎಸಳು, ಶುಂಠಿ 2 ಇಂಚು
- ಹಸಿಮೆಣಸಿನಕಾಯಿ 5, ಕರಿಬೇವು 2 ಎಸಳು
- ಅರಿಸಿನ ಅರ್ಧ ಚಮಚ, ಅಚ್ಚ ಖಾರದ ಪುಡಿ 2 ಚಮಚ, ರುಚಿಗೆ ಉಪ್ಪು
- ಕಾಚಂಪುಳಿ 1ರಿಂದ 2 ದೊಡ್ಡ ಚಮಚ

ಹುರಿದು ಪುಡಿ ಮಾಡಲು:

- ಕೊತ್ತಂಬರಿ ಬೀಜ 2 ದೊಡ್ಡ ಚಮಚ
- ಕಾಳುಮೆಣಸು 1 ದೊಡ್ಡ ಚಮಚ
- ಜೀರಿಗೆ 1 ದೊಡ್ಡ ಚಮಚ
- ಸಾಸಿವೆ 1 ಚಿಕ್ಕ ಚಮಚ, ಮೆಂತ್ಯ ಕಾಲು ಚಿಕ್ಕ ಚಮಚ

ಪಂದಿ ಕರಿಯ ಜೊತೆಗೆ ತಿನ್ನುವ ಅಕ್ಕಿ ತರಿಯ ಉಂಡೆ, ಅಂದರೆ ಕಡಂಬುಟ್ಟಿಗೆ:

- ಅಕ್ಕಿ ತರಿ 2 ಲೋಟ, ನೀರು 4ರಿಂದ 5 ಲೋಟ, ಉಪ್ಪು, ತುಪ್ಪ 1 ಚಮಚ

ಇವುಗಳಲ್ಲಿ ಹುಡುಕಿ ತರಬೇಕಾದದ್ದು ಕಾಚಂಪುಳಿ ಒಂದೇ. ಉತ್ತರ ಕನ್ನಡ, ಮಲೆನಾಡಿನವರು ಉಪ್ಪಾಗೆ ಎನ್ನುವ ಮರದ ಹಣ್ಣನ್ನು ಕೊಡಗಿನಲ್ಲಿ ಮಳೆಗಾಲದಲ್ಲಿ ಆಯ್ದು, ಅದರಿಂದ ಇಳಿಯುವ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪು ಪಾಕ ಮಾಡುತ್ತಾರೆ. ಬೆಂಗಳೂರಿನಲ್ಲಿ ಕೊಡಗಿನ ಜೇನು, ಕಾಫಿ ಪುಡಿ ಮಾರುವ ಅಂಗಡಿಗಳಲ್ಲಿ ಕಾಚಂಪುಳಿಯ ಬಾಟಲಿಯೂ ಸಿಗುತ್ತದೆ. ಗಾಜಿನ ಸೀಸೆಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಸಿಗದಿದ್ದರೆ ಗಟ್ಟಿ ಹುಣಸೆ ರಸ ಹಾಕಿ. ಊಟ ಚೆನ್ನಾಗಿಯೇ ಇರುತ್ತದೆ, ಆದರೆ ಆ ಕಪ್ಪು ಬಣ್ಣ, ಆ ಗಾಢ ಹುಳಿ ಬರುವುದಿಲ್ಲ.

ಹಂತ 6: ತೊಳೆದು ನೆನೆಸಿಡಿ

ತುಂಡುಗಳನ್ನು ಒಂದೊಂದಾಗಿ ನೋಡಿ. ಚರ್ಮದ ಮೇಲೆ ಕೂದಲು ಉಳಿದಿದ್ದರೆ ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಂದು ಕ್ಷಣ ತೋರಿಸಿ, ಚಾಕುವಿನಿಂದ ಕೆರೆಯಿರಿ. ತುಂಡು ಹೆಬ್ಬೆರಳಿನ ತುದಿಗಿಂತ ಸ್ವಲ್ಪ ದೊಡ್ಡದಿರಲಿ. ಪಂದಿ ಕರಿಗೆ ದೊಡ್ಡ ತುಂಡು ಹೊಂದುವುದಿಲ್ಲ. ಎರಡು ಮೂರು ನೀರಲ್ಲಿ ತೊಳೆದು ನೀರು ಸೋಸಿ. ಅರಿಸಿನ, ಖಾರದ ಪುಡಿ, ಉಪ್ಪು ಸವರಿ ಅರ್ಧ ಗಂಟೆ ಮುಚ್ಚಿಡಿ.

ಮಾಂಸ ಕತ್ತರಿಸಿದ ಚಾಕು, ಹಲಗೆಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಈರುಳ್ಳಿ, ಸೌತೆಕಾಯಿ ಮುಟ್ಟಿ. ಲಾಡಿಹುಳುವಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳವಿದೆ. ಅರೆಬೆಂದ ಹಂದಿ ಮಾಂಸ ತಿಂದರೆ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ಹಾಗೆ ಹುಳು ಇರುವವರ ಮಲದಿಂದ ಹೊರಬಿದ್ದ ಮೊಟ್ಟೆಗಳು ತೊಳೆಯದ ಕೈ, ತೊಳೆಯದ ಸೊಪ್ಪಿನ ಮೂಲಕ ಬಾಯಿ ಸೇರಿದರೆ ಮರಿ ಮಿದುಳಿಗೆ ಹೋಗಿ ಗೂಡು ಕಟ್ಟುತ್ತದೆ, ಫಿಟ್ಸ್ ಬರುತ್ತದೆ. ಹಂದಿ ಮುಟ್ಟದವರಿಗೂ ಇದು ಬರಬಹುದು. ಹೊಸೂರು ರಸ್ತೆಯಲ್ಲೇ ಇರುವ ನಿಮ್ಹಾನ್ಸ್‌ನ ವೈದ್ಯರಿಗೆ ಚಿರಪರಿಚಿತವಾದ ಕಾಯಿಲೆ ಇದು. ಮಾಂಸ ಪೂರ್ತಿ ಬೇಯಿಸುವುದು, ಅಡುಗೆಗೂ ಊಟಕ್ಕೂ ಮುಂಚೆ ಸೋಪಿನಲ್ಲಿ ಕೈ ತೊಳೆಯುವುದು, ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆಯುವುದು, ಈ ಮೂರನ್ನು ಬಿಡಬೇಡಿ.

ಹಂತ 7: ಮಸಾಲೆಯನ್ನು ಧೈರ್ಯವಾಗಿ ಹುರಿಯಿರಿ

ಹೊಸಬರು ಎಡವುವುದು ಇಲ್ಲೇ. ಸಾಂಬಾರ್ ಪುಡಿಗೆ ಹುರಿದಂತೆ ಘಮ ಬಂದ ತಕ್ಷಣ ಇಳಿಸಿದರೆ ಪಂದಿ ಕರಿ ಕಪ್ಪಾಗುವುದಿಲ್ಲ.

ದಪ್ಪ ತಳದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಮೊದಲು ಕೊತ್ತಂಬರಿ ಬೀಜ ಹಾಕಿ. ಹೊಂಬಣ್ಣಕ್ಕೆ ಬಂದಾಗ ಕಾಳುಮೆಣಸು, ಜೀರಿಗೆ ಸೇರಿಸಿ. ಕೊನೆಗೆ ಸಾಸಿವೆ, ಮೆಂತ್ಯ. ಕೈ ಬಿಡದೆ ಆಡಿಸುತ್ತಿರಿ. ಸಾಸಿವೆ ಚಿಟಪಟ ಎಂದು ನಿಂತ ಮೇಲೆ ಕೊತ್ತಂಬರಿ ಬೀಜ ಹೊಂಬಣ್ಣದಿಂದ ಕಂದಾಗುತ್ತದೆ. ಆಮೇಲೆ ಕಾಫಿ ಬೀಜದ ಬಣ್ಣಕ್ಕೆ ತಿರುಗುತ್ತದೆ. ಬಾಣಲೆಯಿಂದ ತೆಳುವಾದ ನೀಲಿ ಹೊಗೆ ಏಳುತ್ತದೆ, ಗಂಟಲಿಗೆ ಮೆಣಸಿನ ಘಾಟು ತಾಗುತ್ತದೆ. ಅದೇ ಹೊತ್ತು. ತಕ್ಷಣ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಸೀದು ಕಹಿಯಾಗುತ್ತದೆ. ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ. ಬಣ್ಣ ಕಡುಗಂದಾಗಿರಬೇಕು, ನಾಲಿಗೆಗೆ ಇಟ್ಟರೆ ಕಹಿ ಇರಬಾರದು.

ಹುರಿಯುವಾಗ ಕಿಟಕಿ ತೆರೆದಿಡಿ. ಒತ್ತೊತ್ತಾದ ಮನೆಗಳಲ್ಲಿ ಈ ಘಾಟು ಮೂರು ಮನೆ ದಾಟುತ್ತದೆ.

ಹಂತ 8: ನಿಧಾನವಾಗಿ ಬೇಯಿಸಿ

ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯನ್ನು ತರಿತರಿಯಾಗಿ ಜಜ್ಜಿಕೊಳ್ಳಿ. ಮಿಕ್ಸಿಯಾದರೆ ಎರಡು ಸುತ್ತು ಸಾಕು.

1. ದಪ್ಪ ತಳದ ಪಾತ್ರೆ ಕಾಯಿಸಿ. ಕೊಬ್ಬು ಹೆಚ್ಚಿರುವ ನಾಲ್ಕೈದು ತುಂಡನ್ನು ಮೊದಲು ಹಾಕಿ. ಸಣ್ಣ ಉರಿಯಲ್ಲಿ ಅವು ತಮ್ಮ ಎಣ್ಣೆ ಬಿಡುತ್ತವೆ. ಬೇರೆ ಎಣ್ಣೆ ಬೇಡ.
2. ಆ ಕೊಬ್ಬಿನಲ್ಲಿ ಕರಿಬೇವು, ಜಜ್ಜಿದ ಮಸಾಲೆ ಹಾಕಿ ಹಸಿವಾಸನೆ ಹೋಗುವವರೆಗೆ ಬಾಡಿಸಿ.
3. ಉಳಿದ ಮಾಂಸವನ್ನೆಲ್ಲ ಹಾಕಿ ದೊಡ್ಡ ಉರಿಯಲ್ಲಿ ಐದು ನಿಮಿಷ ತಿರುವಿ. ಮಾಂಸ ನೀರು ಬಿಡುತ್ತದೆ. ಆ ನೀರಲ್ಲೇ ಮುಚ್ಚಿ ಹತ್ತು ನಿಮಿಷ ಬೇಯಲಿ.
4. ಎರಡು ಲೋಟ ಬಿಸಿನೀರು ಹಾಕಿ. ತಣ್ಣೀರು ಹಾಕಿದರೆ ಕುದಿ ನಿಂತು ಬೇಯುವುದು ತಡವಾಗುತ್ತದೆ. ಉರಿ ಸಣ್ಣ ಮಾಡಿ, ಮುಚ್ಚಿ, 45 ನಿಮಿಷದಿಂದ ಒಂದು ಗಂಟೆ ಬೇಯಿಸಿ. ಹತ್ತು ನಿಮಿಷಕ್ಕೊಮ್ಮೆ ತಳ ಕೆದಕಿ.
5. ಒಂದು ತುಂಡು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಮಾಂಸ ಸುಲಭವಾಗಿ ಬಿಡಬೇಕು, ಒಳಗೆ ಎಲ್ಲೂ ಗುಲಾಬಿ ಬಣ್ಣ ಇರಬಾರದು, ಚರ್ಮ ಮೆತ್ತಗಾಗಿರಬೇಕು ಆದರೆ ಕರಗಿ ಹೋಗಿರಬಾರದು. ಅಡುಗೆಯ ಥರ್ಮಾಮೀಟರ್ ಇದ್ದರೆ ತುಂಡಿನ ನಡುವೆ 71 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಇಷ್ಟು ಹೊತ್ತು ಕುದಿದ ಚಿಕ್ಕ ತುಂಡು ಅದನ್ನು ಎಂದೋ ದಾಟಿರುತ್ತದೆ.

ಸಮಯ ಇಲ್ಲದವರು ಕುಕ್ಕರ್‌ನಲ್ಲಿ ಸಣ್ಣ ಉರಿಯಲ್ಲಿ ಮೂರು ಕೂಗು ಕೂಗಿಸಿ, ಆಮೇಲೆ ತೆರೆದ ಪಾತ್ರೆಗೆ ಹಾಕಿ ಮುಂದಿನ ಹಂತ ಮಾಡಬಹುದು. ಕೂಗು ಹೆಚ್ಚಾದರೆ ಕೊಬ್ಬು ಕರಗಿ ಮಾಂಸ ಪುಡಿಯಾಗುತ್ತದೆ. ಸಾಧ್ಯವಿದ್ದರೆ ತೆರೆದ ಪಾತ್ರೆಯೇ ಲೇಸು. ಚರ್ಮ ಮತ್ತು ನಾರಿನ ಗಟ್ಟಿ ಅಂಶ ನಿಧಾನ ಉರಿಗೆ ಕರಗಿ ರಸವನ್ನು ಮಂದ ಮಾಡುತ್ತದೆ. ಈ ಸಾರಿಗೆ ತೆಂಗಿನಕಾಯಿ ಹಾಕದಿದ್ದರೂ ಅದು ಬೆರಳಿಗೆ ಅಂಟುವಷ್ಟು ಮಂದವಾಗುವುದು ಇದರಿಂದಲೇ.

ಹಂತ 9: ಪುಡಿ, ಆಮೇಲೆ ಹುಳಿ

ಹುರಿದ ಪುಡಿ ಹಾಕಿ ಹತ್ತು ನಿಮಿಷ ಕುದಿಸಿ. ಸಾರು ಕಂದು ಬಣ್ಣಕ್ಕೆ ಬರುತ್ತದೆ. ಈಗ ಒಂದು ದೊಡ್ಡ ಚಮಚ ಕಾಚಂಪುಳಿ ಹಾಕಿ. ಚಮಚದಿಂದ ಅದು ಎಳೆಯಾಗಿ ಇಳಿಯುತ್ತದೆ, ಬಿದ್ದ ಕಡೆ ಸಾರು ಸುತ್ತಲೂ ಕಪ್ಪಾಗುತ್ತ ಹೋಗುತ್ತದೆ. ಕಲಸಿ, ಐದು ನಿಮಿಷ ಕುದಿಸಿ, ರುಚಿ ನೋಡಿ. ಬೇಕೆನಿಸಿದರೆ ಅರ್ಧರ್ಧ ಚಮಚದಂತೆ ಸೇರಿಸಿ. ಒಂದೇ ಸಲ ಸುರಿಯಬೇಡಿ, ಇದು ಬಲು ಹುಳಿ. ಉಪ್ಪನ್ನೂ ಹುಳಿ ಹಾಕಿದ ಮೇಲೆಯೇ ಕೊನೆಯದಾಗಿ ಸರಿಮಾಡಿ.

ಹುಳಿ ಕೊನೆಗೇ ಬೀಳಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಹುಳಿ ಕಚ್ಚುತ್ತದೆ, ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಒಳ್ಳೆಯದು. ಕೊಡಗಿನಲ್ಲೇ ಕೆಲವು ಮನೆಗಳಲ್ಲಿ ಇದನ್ನು ಸಾರು ಇಂಗಿಸಿ ಒಣದಾಗಿ ಮಾಡುತ್ತಾರೆ, ಕೆಲವರು ರಸ ಉಳಿಸುತ್ತಾರೆ. ನಿಮ್ಮ ಮನೆಯ ಹದವನ್ನು ಎರಡು ಮೂರು ಸಲ ಮಾಡಿ ನೀವೇ ಕಂಡುಕೊಳ್ಳಿ. ಒಲೆ ಆರಿಸಿ ಅರ್ಧ ಗಂಟೆ ಮುಚ್ಚಿಡಿ. ಆ ಹೊತ್ತಿನಲ್ಲಿ ಮಸಾಲೆ ಮಾಂಸದೊಳಗೆ ಇಳಿಯುತ್ತದೆ.

ಹಂತ 10: ಕಡಂಬುಟ್ಟು ಕಟ್ಟಿ

ಪಂದಿ ಕರಿ ಬೇಯುವಾಗಲೇ ಇನ್ನೊಂದು ಒಲೆಯಲ್ಲಿ ಇದಾಗಲಿ. ನೀರಿಗೆ ಉಪ್ಪು, ತುಪ್ಪ ಹಾಕಿ ಕುದಿಸಿ. ತರಿಯನ್ನು ಸುರಿಯುತ್ತ ಗಂಟಾಗದಂತೆ ತಿರುವಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ. ಕೈಗೆ ತಾಳುವಷ್ಟು ಬಿಸಿ ಇರುವಾಗ ಅಂಗೈಗೆ ನೀರು ಸವರಿಕೊಂಡು ನಾದಿ, ನಿಂಬೆಗಾತ್ರದ ಉಂಡೆ ಕಟ್ಟಿ. ಇಡ್ಲಿ ಪಾತ್ರೆಯಲ್ಲಿ ಒದ್ದೆ ಬಟ್ಟೆ ಹಾಸಿ 15ರಿಂದ 20 ನಿಮಿಷ ಹಬೆಯಲ್ಲಿ ಬೇಯಿಸಿ. ಉಂಡೆ ಕಟ್ಟುವ ಕೆಲಸ ಮಕ್ಕಳಿಗೆ ಕೊಡಿ. ಸೊಟ್ಟಗಾದರೂ ಪರವಾಗಿಲ್ಲ.

ಮಲೆನಾಡಿನವರ ಮನೆಯಲ್ಲಿ ಇದೇ ಬಗೆಯದನ್ನು ಕಡುಬು ಎನ್ನುತ್ತಾರೆ. ಮಂಡ್ಯ, ತುಮಕೂರಿನ ಕಡೆಯವರು ರಾಗಿ ಮುದ್ದೆ ಮಾಡಿ. ಕಪ್ಪು ಸಾರು, ಮುದ್ದೆ ಎರಡೂ ಚೆನ್ನಾಗಿ ಕೂಡುತ್ತವೆ.

ಹಂತ 11: ಪಾಲು ಹಾಕಿ, ಒಟ್ಟಿಗೆ ಉಣ್ಣಿ

ಶಿಕಾರಿಯ ಸಂಪ್ರದಾಯದಲ್ಲಿ ನಮಗೆ ಇವತ್ತು ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಪಾಲಿನ ನ್ಯಾಯ. ಕೊಡಗಿನಲ್ಲಾಗಲಿ ಮಲೆನಾಡಿನಲ್ಲಾಗಲಿ ಹಂದಿಯನ್ನು ಹಸಿಗೆ ಮಾಡಿ ತುಂಡರಿಸಿದ ಮೇಲೆ ಗುಂಡು ಹೊಡೆದವನಿಗೆ ಗೌರವದ ಪಾಲು ಇತ್ತು. ಹಳು ನುಗ್ಗಿದವನಿಗೂ ಇತ್ತು, ನಾಯಿಗೂ ಇತ್ತು. ಬರಿಗೈಲಿ ಮನೆಗೆ ಹೋಗುವವರು ಇರಲಿಲ್ಲ.

ಕೊಡವರು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಹಬ್ಬ ಆಚರಿಸುತ್ತಾರೆ. ನಾಟಿಯ ಕಾಲದಲ್ಲಿ ದೇವರ ಕೋಣೆಯಲ್ಲಿಟ್ಟ ಕೋವಿ, ಕತ್ತಿಗಳನ್ನು ಅಂದು ಪೂಜಿಸಿ ಹೊರತೆಗೆಯುತ್ತಿದ್ದರು. ಬೇಟೆಯ ಕಾಲ ಅಲ್ಲಿಂದ ಶುರು. ಈಗ ಬೇಟೆ ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಬಂದಿದೆ. ಊಟಕ್ಕೆ ಪಂದಿ ಕರಿ, ಕಡಂಬುಟ್ಟು ಹಾಗೆಯೇ ಇವೆ. ಹಬ್ಬದ ಒಂದು ಸಂಗತಿಯನ್ನು ಕಾಲಕ್ಕೆ ತಕ್ಕಂತೆ ಬದಲಿಸಿ, ಉಳಿದದ್ದನ್ನು ಕಾಪಾಡಿಕೊಂಡ ಸಮುದಾಯ ಅದು. ನಾವು ಕಲಿಯಬೇಕಾದ ದಾರಿಯೂ ಅದೇ.

ನಿಮ್ಮ ಮನೆಯಲ್ಲೂ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರಿ. ಟಿವಿ, ಮೊಬೈಲು ಆರಿಸಿ. ಹಿರಿಯರಿಗೆ ಮೊದಲು ಬಡಿಸಿ, ಅವರು ಶಿಕಾರಿಯ ಕಥೆ ಹೇಳಲಿ. ಕಥೆ ಮುಗಿದ ಮೇಲೆ ಮಕ್ಕಳು ‘ಈಗ ಯಾಕೆ ಹೋಗುವುದಿಲ್ಲ?’ ಎಂದು ಕೇಳೇ ಕೇಳುತ್ತಾರೆ. ಕಾಡು ಕಿರಿದಾಯಿತು, ಪ್ರಾಣಿಗಳು ಕಡಿಮೆಯಾದವು, ಅವನ್ನು ಉಳಿಸುವ ಕೆಲಸ ನಮ್ಮದಾಯಿತು ಎಂದು ನೇರವಾಗಿ ಹೇಳಿ. ಪುಟ್ಟ ಮಕ್ಕಳಿಗೆ ಖಾರ ತಾಳದಿದ್ದರೆ ತುಂಡನ್ನು ಬಿಸಿನೀರಲ್ಲಿ ಅದ್ದಿ, ತುಪ್ಪ ಸವರಿದ ಕಡಂಬುಟ್ಟಿನ ಜೊತೆ ಕೊಡಿ. ತಿನ್ನುವ ಅಕ್ಕಪಕ್ಕದವರಿದ್ದರೆ ಒಂದು ಡಬ್ಬಿ ಪಾಲು ಕಳಿಸಿ.

ಹಂತ 12: ಉಳಿದದ್ದನ್ನು ಜೋಪಾನ ಮಾಡಿ

ಪಂದಿ ಕರಿ ಮರುದಿನಕ್ಕೆ ಇನ್ನೂ ರುಚಿ. ಊಟವಾದ ಎರಡು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಇಡಿ, ಮೂರು ದಿನದೊಳಗೆ ಮುಗಿಸಿ. ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಬೇಕಾದರೆ ಚಮಚದಲ್ಲಿ ತೆಗೆಯಬಹುದು. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಹೀಗೆ ತೆಗೆದೇ ಬಡಿಸಿ. ತಿನ್ನುವಷ್ಟನ್ನೇ ತೆಗೆದು ಕುದಿ ಬರುವವರೆಗೆ ಬಿಸಿ ಮಾಡಿ. ಮತ್ತೆ ಮತ್ತೆ ಬಿಸಿ ಮಾಡುವುದು ಬೇಡ. ಸಿಂಕಿಗೆ ಕೊಬ್ಬು ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಹಳೆಯ ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ.

ಏನಾದರೂ ಹೆಚ್ಚು ಕಡಿಮೆಯಾದರೆ

- ಸಾರು ಕಪ್ಪಾಗಲಿಲ್ಲವೇ? ಮಸಾಲೆ ಹುರಿದದ್ದು ಸಾಲದು. ಮುಂದಿನ ಸಲ ಇನ್ನೆರಡು ನಿಮಿಷ ಹುರಿಯಿರಿ.
- ಕಹಿಯಾಯಿತೇ? ಮೆಂತ್ಯ ಹೆಚ್ಚಾಗಿದೆ ಅಥವಾ ಮಸಾಲೆ ಸೀದಿದೆ. ಸಣ್ಣ ತುಂಡು ಬೆಲ್ಲ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ.
- ಹುಳಿ ಜಾಸ್ತಿಯಾಯಿತೇ? ಬಾಡಿಸಿದ ಈರುಳ್ಳಿ ಸೇರಿಸಿ ಹತ್ತು ನಿಮಿಷ ಕುದಿಸಿ.
- ಜಿಡ್ಡು ತೇಲುತ್ತಿದೆಯೇ? ಸೌಟಿನಲ್ಲಿ ತೆಗೆಯಿರಿ. ಮುಂದಿನ ಸಲ ಹೊಟ್ಟೆಯ ಭಾಗ ಕಡಿಮೆ, ಭುಜದ ಭಾಗ ಹೆಚ್ಚು ಕೇಳಿ.
- ಮಾಂಸ ರಬ್ಬರಿನಂತಿದೆಯೇ? ಅದು ಇನ್ನೂ ಬೆಂದಿಲ್ಲ. ಬಿಸಿನೀರು ಸೇರಿಸಿ ಇನ್ನೊಂದು ಕಾಲು ಗಂಟೆ ಬೇಯಿಸಿ.

ಪಟ್ಟಿ ಉದ್ದವಿದ್ದರೂ ಕೆಲಸ ಕಷ್ಟದ್ದಲ್ಲ. ಎಂಟಕ್ಕೆ ಅಂಗಡಿಗೆ ಹೋದರೆ ಒಂದು ಗಂಟೆಯ ಊಟಕ್ಕೆ ಎಲ್ಲ ಸಿದ್ಧವಾಗುತ್ತದೆ. ಮುಂದಿನ ಭಾನುವಾರವೇ ಮಾಡಿ ನೋಡಿ. ತಾತನ ಕಾಲದ ಪಾಕವನ್ನು ಮಕ್ಕಳ ಕೈಗೆ ದಾಟಿಸಿ. ಕಾಡಿನ ಮಾಂಸ ತಂದುಕೊಡುತ್ತೇವೆ ಎನ್ನುವವರು ಬಂದರೆ ಅದೇ ಮಕ್ಕಳ ಎದುರಿಗೇ ಬೇಡ ಎಂದು ಹೇಳಿ ಕಳಿಸಿ. ನಮ್ಮ ಊಟದ ಪರಂಪರೆ ಉಳಿಯಲು ಒಂದು ಕಾಡುಪ್ರಾಣಿಯೂ ಸಾಯಬೇಕಾಗಿಲ್ಲ.